ಬೆಳೆಯುವ ಹಲ್ಲು, ಸವೆಸುವ ಹುಲ್ಲು

ಮೊಲದ ಹಲ್ಲಿಗೂ ಭೌತಶಾಸ್ತ್ರದ ಅಧ್ಯಾಪಕನಿಗೂ ಎಲ್ಲಿಯ ಸಂಬಂಧವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪ್ರಾಣಿಶಾಸ್ತ್ರವನ್ನಾಗಲಿ ಪಶುವೈದ್ಯವನ್ನಾಗಲಿ ನಾನು ಕ್ರಮವಾಗಿ ವ್ಯಾಸಂಗ ಮಾಡಿದವನಲ್ಲ. ಆದರೆ ಉಜ್ಜಾಟ, ಸವೆತ, ಒತ್ತಡ, ಸಮತೋಲ ಇವು ನಾನು ದಿನವೂ ಪಾಠ ಹೇಳುವ ವಿಷಯಗಳು. ಮೊಲದ ಬಾಯಿಯೊಳಗೆ ಹಗಲಿರುಳೂ ನಡೆಯುತ್ತಿರುವುದು ಇವುಗಳ ಆಟವೇ. ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಮನೆಗಳಿಗೆ ಮೊಲ, ಗಿನಿಹಂದಿ, ಹ್ಯಾಮ್‌ಸ್ಟರ್ ಮುಂತಾದ ಸಣ್ಣ ಪ್ರಾಣಿಗಳು ಅತಿಥಿಗಳಾಗಿ ಬಂದು ಸೇರಿವೆ. ಅವುಗಳಿಗೆ ಹಲ್ಲಿನ ಬೇನೆ ಬಂದಾಗ ಜನರು ಅದನ್ನು ಪರಿಹರಿಸಲು ಹೊರಡುವ ರೀತಿಯನ್ನು ಕಂಡು, ಒಂದೆರಡು ಮಾತು ಹೇಳದೆ ಸುಮ್ಮನಿರುವುದು ಸರಿಯಲ್ಲವೆಂದು ನನಗೆ ತೋರಿದೆ.

ಮೊದಲಿಗೆ ಈ ಅತಿಥಿಗಳ ಪರಿಚಯವಾಗಬೇಕು. ನಾವು ಸಾಕುವ ಮೊಲವು ನಮ್ಮ ಹೊಲಗದ್ದೆಗಳ ಬೇಲಿಯಲ್ಲಿ ಅಡಗಿ ಕೂರುವ ಕಾಡುಮೊಲವಲ್ಲ. ಕಾಡುಮೊಲವು ಬೇರೆ ಕುಲಕ್ಕೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಸಾಕುಮೊಲದ ಮೂಲಪುರುಷರು ಸ್ಪೇನ್, ಪೋರ್ಚುಗಲ್ ದೇಶಗಳ ಹುಲ್ಲುಗಾವಲಿನಲ್ಲಿ ಬಿಲ ತೋಡಿಕೊಂಡು ಬಾಳಿದವು. ಗಿನಿಹಂದಿಯ ತೌರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆ. ಅದು ಗಿನಿ ದೇಶದ್ದೂ ಅಲ್ಲ, ಹಂದಿಯೂ ಅಲ್ಲ. ಇವೆರಡೂ ತಲತಲಾಂತರದಿಂದ ಹುಲ್ಲು ತಿಂದೇ ಬದುಕಿದ ಜೀವಿಗಳು. ಅವುಗಳ ಬಾಯಿಯ ರಚನೆಯೆಲ್ಲ ಈ ಒಂದು ಕೆಲಸಕ್ಕಾಗಿಯೇ ಸಿದ್ಧವಾದದ್ದು.

ಮೊಲಕ್ಕೆ 28 ಹಲ್ಲುಗಳು. ಮೇಲ್ದವಡೆಯ ಮುಂಭಾಗದಲ್ಲಿ ಕಾಣುವ ಎರಡು ದೊಡ್ಡ ಬಾಚಿಹಲ್ಲುಗಳ ಬೆನ್ನಿಗೆ ಗೂಟದಂತಹ ಇನ್ನೆರಡು ಪುಟ್ಟ ಹಲ್ಲುಗಳು ಅಡಗಿರುತ್ತವೆ. ಇಲಿ, ಅಳಿಲುಗಳಲ್ಲಿ ಈ ಜೋಡಿ ಇರುವುದಿಲ್ಲ. ಹೀಗೆ ಹಲವು ಭೇದಗಳನ್ನು ಲಕ್ಷಿಸಿ ಅಮೆರಿಕದ ಗಿಡ್ಲಿ ಎಂಬ ವಿಜ್ಞಾನಿ 1912ರಲ್ಲಿ ಮೊಲಗಳನ್ನು ದಂಶಕಗಳ ಗುಂಪಿನಿಂದ ಬಿಡಿಸಿ ಬೇರೆಯ ಗಣವಾಗಿ ಎಣಿಸಬೇಕೆಂದು ಸೂಚಿಸಿದನು. ಗಿನಿಹಂದಿಯು ದಂಶಕವೇ, ಅದಕ್ಕೆ 20 ಹಲ್ಲುಗಳು. ಎರಡಕ್ಕೂ ಕೋರೆಹಲ್ಲಿಲ್ಲ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ದೊಡ್ಡದೊಂದು ತೆರಪು ಇರುತ್ತದೆ.

ಮನುಷ್ಯನ ಹಲ್ಲು ಒಮ್ಮೆ ಹುಟ್ಟಿ ಬೇರುಬಿಟ್ಟ ಮೇಲೆ ಬೆಳೆಯುವುದಿಲ್ಲ. ಸವೆದದ್ದು ಸವೆದೇ ಹೋಯಿತು. ಮೊಲ ಮತ್ತು ಗಿನಿಹಂದಿಗಳಲ್ಲಾದರೋ ಮುಂದಿನ ಹಲ್ಲೂ ಹಿಂದಿನ ಹಲ್ಲೂ ಪ್ರಾಣವಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಅವುಗಳ ಬುಡ ಮುಚ್ಚಿಕೊಳ್ಳುವುದೇ ಇಲ್ಲ. ಇಲಿ ಮತ್ತು ಹ್ಯಾಮ್‌ಸ್ಟರ್‌ಗಳಲ್ಲಿ ಬಾಚಿಹಲ್ಲು ಮಾತ್ರ ಹೀಗೆ ಬೆಳೆಯುತ್ತದೆ. ಅವುಗಳ ದವಡೆಹಲ್ಲು ನಮ್ಮದರಂತೆಯೇ. ಈ ವ್ಯತ್ಯಾಸವನ್ನು ಅರಿಯದೆ ಎಲ್ಲ ಸಣ್ಣ ಪ್ರಾಣಿಗಳಿಗೂ ಒಂದೇ ಆಹಾರ, ಒಂದೇ ಚಿಕಿತ್ಸೆ ಎಂದು ಬಗೆಯುವುದು ದೊಡ್ಡ ತಪ್ಪು.

ಈಗ ಸ್ವಲ್ಪ ಲೆಕ್ಕ. ಮೊಲದ ಮೇಲಿನ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಕೆಳಗಿನದು ಇನ್ನೂ ಸ್ವಲ್ಪ ವೇಗವಾಗಿ. ವರ್ಷಕ್ಕೆ 52 ವಾರ. ಅಂದಮೇಲೆ ವರ್ಷವೊಂದಕ್ಕೆ 10 ಸೆಂಟಿಮೀಟರಿಗೂ ಮಿಗಿಲಾದ ಹಲ್ಲು ಹುಟ್ಟುತ್ತದೆ! ಆದರೆ ಆರೋಗ್ಯವಾದ ಮೊಲದ ಬಾಯಿಯಲ್ಲಿ ಹಲ್ಲಿನ ಉದ್ದ ವರ್ಷದ ಆದಿಯಲ್ಲಿ ಎಷ್ಟಿತ್ತೋ ಅಂತ್ಯದಲ್ಲಿಯೂ ಅಷ್ಟೇ ಇರುತ್ತದೆ. ಹುಟ್ಟಿದಷ್ಟೂ ಸವೆದುಹೋಗಿರುತ್ತದೆ. ಒಂದು ತೊಟ್ಟಿಗೆ ಮೇಲಿನಿಂದ ನೀರು ಬೀಳುತ್ತಿದೆ, ಕೆಳಗಿನ ತೂತಿನಿಂದ ಅಷ್ಟೇ ನೀರು ಹೊರಕ್ಕೆ ಹೋಗುತ್ತಿದೆ. ನೀರಿನ ಮಟ್ಟ ಅಲುಗದೆ ನಿಂತಂತೆ ಕಾಣುತ್ತದೆ. ಅದು ನಿಶ್ಚಲತೆಯಲ್ಲ, ಎರಡು ಚಲನೆಗಳ ಸಮತೋಲ. ಇದನ್ನು ಕದಡಲು ಬಹಳ ದೊಡ್ಡ ಕಾರಣ ಬೇಕಾಗಿಲ್ಲ. ಸವೆತವು ಹತ್ತರಲ್ಲೊಂದು ಪಾಲು ಕಡಮೆಯಾಯಿತೆನ್ನಿ, ವಾರಕ್ಕೆ 0.2 ಮಿಲಿಮೀಟರು ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಅಲ್ಪ. ವರ್ಷ ಕಳೆಯುವ ಹೊತ್ತಿಗೆ ಅದು 1 ಸೆಂಟಿಮೀಟರಾಗಿರುತ್ತದೆ. ಮೊಲದ ಬಾಯಿಗೆ 1 ಸೆಂಟಿಮೀಟರೆಂದರೆ ಮಾರಕವಾದ ಅಳತೆ.

ನಿಸರ್ಗವು ಈ ಲೆಕ್ಕದಷ್ಟು ಸರಳವಲ್ಲವೆಂಬುದನ್ನೂ ಹೇಳಬೇಕು. ಸವೆತ ಹೆಚ್ಚಾದರೆ ಬೆಳವಣಿಗೆಯ ವೇಗವೂ ಏರಿ, ಕಡಮೆಯಾದರೆ ಇಳಿದು, ಹಲ್ಲು ತನ್ನ ಉದ್ದವನ್ನು ತಾನೇ ಕಾಪಾಡಿಕೊಳ್ಳಲು ಯತ್ನಿಸುತ್ತದೆ. ಬ್ರಿಟನ್ನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 32 ಮೊಲಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, 17 ತಿಂಗಳ ಕಾಲ ನಾಲ್ಕು ಬಗೆಯ ಆಹಾರ ಕೊಟ್ಟು ನೋಡಿದರು. ಬಾಚಿಹಲ್ಲುಗಳಲ್ಲಿ ಬೆಳವಣಿಗೆಯು ಸವೆತವನ್ನು ಬಹುಮಟ್ಟಿಗೆ ಅನುಸರಿಸುತ್ತಲೇ ಇತ್ತು. ಆದರೆ ಕಾಳು, ಚೂರುಗಳ ಬಣ್ಣಬಣ್ಣದ ಮಿಶ್ರಣವನ್ನು ತಿಂದ ಮೊಲಗಳಲ್ಲಿ ದವಡೆಹಲ್ಲುಗಳು ಉದ್ದವಾಗಿ ಬಾಗಿದವು. ನನ್ನ ದೃಷ್ಟಿಯಲ್ಲಿ ಈ ಪ್ರಯೋಗದ ಸ್ವಾರಸ್ಯವಿರುವುದು ಇಲ್ಲಿಯೇ. ನಮಗೆ ಕಾಣುವ ಮುಂದಿನ ಹಲ್ಲು ಸರಿಯಾಗಿರುವಾಗಲೇ ಕಾಣದ ಹಿಂದಿನ ಹಲ್ಲು ಕೆಡುತ್ತಿರಬಹುದು.

ಮುಂದಿನ ಹಲ್ಲಿಗೆ ಕನ್ನಡದಲ್ಲಿ ಬಾಚಿಹಲ್ಲು ಎಂಬ ಹೆಸರಿಟ್ಟವರು ಯಾರೋ ತಿಳಿಯದು. ಅವರು ಬಡಗಿಯ ಬಾಚಿಯನ್ನು ಚೆನ್ನಾಗಿ ನೋಡಿದವರಿರಬೇಕು. ಬಾಚಿಯ ಬಾಯಿ ಓರೆಯಾಗಿ ಹರಿತವಾಗಿರುವಂತೆ ಈ ಹಲ್ಲಿನ ತುದಿಯೂ ಓರೆ. ಬಡಗಿ ತನ್ನ ಬಾಚಿಯನ್ನು ಆಗಾಗ ಸಾಣೆ ಹಿಡಿಯಬೇಕು; ಮೊಲಕ್ಕೆ ಆ ಶ್ರಮವಿಲ್ಲ. ಹಲ್ಲಿನ ಮುಂಬದಿಯಲ್ಲಿ ಎನಾಮಲಿನ ದಪ್ಪನಾದ ಕವಚವಿದೆ. ಅದು ಬಹು ಕಠಿನ. ಅದರ ಹಿಂದಿರುವ ಡೆಂಟೀನು ಅದಕ್ಕಿಂತ ಮೃದು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ತೀಡುವಾಗ ಮೃದುವಾದದ್ದು ಬೇಗ ಸವೆದು, ಕಠಿನವಾದದ್ದು ಅಲಗಿನಂತೆ ನಿಲ್ಲುತ್ತದೆ. ಸವೆತವೇ ಇಲ್ಲಿ ಸಾಣೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಹಲ್ಲು ಸವೆಯಲೆಂದು ಪಂಜರದಲ್ಲಿ ಮರದ ತುಂಡು, ಸುಣ್ಣದ ಕಲ್ಲು ಇಡುವುದುಂಟು. ಪ್ರಾಣಿಯ ಬೇಸರ ಕಳೆಯಲು ಮರದ ತುಂಡು ಒಳ್ಳೆಯದೇ. ಆದರೆ ಬಾಚಿಹಲ್ಲು ಸವೆಯುವುದು ಮುಖ್ಯವಾಗಿ ಎದುರುಹಲ್ಲಿನ ಉಜ್ಜಾಟದಿಂದ. ದವಡೆಹಲ್ಲಿಗಂತೂ ಮರದ ತುಂಡಿನಿಂದ ಯಾವ ಪ್ರಯೋಜನವೂ ಇಲ್ಲ.

ದವಡೆಹಲ್ಲುಗಳನ್ನು ನಮ್ಮ ಅಜ್ಜಿಯರ ಬೀಸುಕಲ್ಲಿಗೆ ಹೋಲಿಸಬಹುದು. ಮೊಲದ ಮೇಲ್ದವಡೆ ಕೆಳದವಡೆಗಿಂತ ಅಗಲ. ಆದ್ದರಿಂದ ಎರಡು ಪಕ್ಕದ ಹಲ್ಲುಗಳೂ ಏಕಕಾಲಕ್ಕೆ ಸರಿಯಾಗಿ ಕೂಡಲಾರವು. ಪ್ರಾಣಿಯು ಕೆಳದವಡೆಯನ್ನು ಒಂದು ಪಕ್ಕಕ್ಕೆ ಸರಿಸಿ, ಮತ್ತೆ ಒಳಕ್ಕೆಳೆದು, ಅಡ್ಡಡ್ಡಲಾಗಿ ಅರೆಯುತ್ತದೆ. ಹುಲ್ಲಿನ ನಾರನ್ನು ಕತ್ತರಿಸಿ ನುಣ್ಣಗೆ ಮಾಡಲು ಈ ಅಡ್ಡ ಚಲನೆ ದೀರ್ಘವಾಗಿರಬೇಕು, ಲೆಕ್ಕವಿಲ್ಲದಷ್ಟು ಸಲ ನಡೆಯಬೇಕು. ಹುಲ್ಲು ತಿನ್ನುವ ಮೊಲವು ದಿನದ ಬಹುಭಾಗವನ್ನು ಅಗಿಯುವುದರಲ್ಲೇ ಕಳೆಯುತ್ತದೆ. ಕಾಳನ್ನೋ ಗುಳಿಗೆಯಾಕಾರದ ಸಿದ್ಧ ಆಹಾರವನ್ನೋ ಕೊಟ್ಟರೆ ಆಗುವುದೇ ಬೇರೆ. ಅದನ್ನು ಮೇಲಿನಿಂದ ಕೆಳಕ್ಕೆ ಅದುಮಿದರೆ ಪುಡಿಯಾಗಿಬಿಡುತ್ತದೆ. ಅಡ್ಡಲಾಗಿ ಅರೆಯುವ ಅಗತ್ಯ ಬಹಳ ಕಡಮೆ. ಸ್ವಲ್ಪ ತಿಂದರೆ ಹೊಟ್ಟೆಯೂ ತುಂಬುತ್ತದೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಮೊಲದ ವಿಷಯದಲ್ಲಿ ಗಾದೆಯ ಎರಡು ತುದಿಗಳೂ ಸೇರಿಕೊಳ್ಳುತ್ತವೆ. ದಿನವೂ ಕಡಲೆ ಹಾಕಿದರೆ ಅದರಿಂದಲೇ ಹಲ್ಲು ಕೆಡುತ್ತದೆ.

ಹುಲ್ಲಿನಲ್ಲಿ ಇನ್ನೊಂದು ಗುಣವಿದೆ. ಹುಲ್ಲಿನ ಎಲೆಗಳ ಕೋಶಗಳಲ್ಲಿ ಸಿಲಿಕದ ಸೂಕ್ಷ್ಮ ಕಣಗಳು ಸೇರಿಕೊಂಡಿರುತ್ತವೆ. ಎಲೆಯ ಮೇಲೆ ಮಣ್ಣಿನ ಧೂಳಿನ ಹರಳುಗಳೂ ಇರುತ್ತವೆ. ಇವುಗಳಲ್ಲಿ ಹಲ್ಲನ್ನು ಹೆಚ್ಚಾಗಿ ಸವೆಸುವುದು ಯಾವುದೆಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿದೆ. ಆ ವಾದವು ಹೇಗೆ ಮುಗಿದರೂ ಹುಲ್ಲು ಬೇಕೆಂಬ ನಿರ್ಣಯಕ್ಕೆ ಬಾಧಕವಿಲ್ಲ.

ಸವೆತ ಸಮನಾಗಿಲ್ಲದಿದ್ದರೆ ಹಲ್ಲಿನ ಅಂಚಿನಲ್ಲಿ ಮುಳ್ಳು ಮೂಡುತ್ತದೆ. ಮೇಲಿನ ಹಲ್ಲಿನ ಮುಳ್ಳು ಕೆನ್ನೆಯ ಕಡೆಗೆ, ಕೆಳಗಿನದು ನಾಲಗೆಯ ಕಡೆಗೆ. ಗಿನಿಹಂದಿಯಲ್ಲಿ ಕೆಳಗಿನ ಹಲ್ಲುಗಳು ಸಹಜವಾಗಿಯೇ ಒಳಕ್ಕೆ ವಾಲಿರುವುದರಿಂದ, ಅವು ಬೆಳೆದು ಎರಡು ಕಡೆಯಿಂದಲೂ ನಾಲಗೆಯ ಮೇಲೆ ಕಮಾನಿನಂತೆ ಕೂಡಿಕೊಂಡು ಅದನ್ನು ಸೆರೆಹಿಡಿಯುವುದೂ ಉಂಟು. ಮುಳ್ಳಿನ ನೋವನ್ನು ಊಹಿಸಲು ಒಂದು ಸಣ್ಣ ಗಣಿತ ಸಾಕು. 100 ಗ್ರಾಮಿನ ತೂಕವು ಒತ್ತುವ ಬಲ ಸುಮಾರು 1 ನ್ಯೂಟನ್. ಇದೇನೂ ದೊಡ್ಡ ಬಲವಲ್ಲ. ಅದು 0.1 ಚದರ ಮಿಲಿಮೀಟರಿನ ಮೊನೆಯ ಮೇಲೆ ಬಿದ್ದಿತೆನ್ನಿ. ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 100 ಪಟ್ಟಾಗುತ್ತದೆ. ಪ್ರತಿಯೊಂದು ಸಲ ಅಗಿಯುವಾಗಲೂ ಆ ಮೊನೆ ಅದೇ ಜಾಗವನ್ನು ಚುಚ್ಚಬೇಕು. ಆ ಪ್ರಾಣಿ ತಿನ್ನುವುದನ್ನು ನಿಲ್ಲಿಸಿದರೆ ಆಶ್ಚರ್ಯವೇನು? ತಿನ್ನುವುದು ನಿಂತಿತೆಂದರೆ ಇದ್ದ ಸವೆತವೂ ನಿಂತಿತು. ರೋಗವು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಇದಕ್ಕಿಂತ ಕಷ್ಟವಾದ ಇನ್ನೊಂದು ಹಂತವಿದೆ. ಎದುರುಹಲ್ಲು ಅಡ್ಡವಾಗಿ ಮೇಲಕ್ಕೆ ಬೆಳೆಯಲು ಎಡೆಯಿಲ್ಲದಾಗ, ಬೆಳವಣಿಗೆಯು ಹಿಮ್ಮುಖವಾಗಿ ದವಡೆಯ ಎಲುಬಿನೊಳಕ್ಕೆ ಇಳಿಯುತ್ತದೆ. ಆಗ ಕೆಳದವಡೆಯ ಅಡಿಯಲ್ಲಿ ಬೆರಳಾಡಿಸಿದರೆ ಸಣ್ಣ ಗಂಟುಗಳು ಕೈಗೆ ಹತ್ತುತ್ತವೆ. ಮೊಲದ ಕಣ್ಣೀರಿನ ನಾಳವು ಮೇಲಿನ ಹಲ್ಲುಗಳ ಬುಡವನ್ನು ಒರಸಿಕೊಂಡೇ ಮೂಗಿಗೆ ಇಳಿಯುವುದರಿಂದ, ಆ ಬುಡ ಉದ್ದವಾಗಿ ನಾಳವನ್ನು ಅದುಮಿದರೆ ಕಣ್ಣಿನಲ್ಲಿ ನೀರು ಸುರಿಯುತ್ತದೆ. ಮನೆಯವರು ಕಣ್ಣಿಗೆ ಔಷಧಿ ಹಾಕುತ್ತ ಕೂರುತ್ತಾರೆ, ರೋಗವಿರುವುದು ಹಲ್ಲಿನಲ್ಲಿ. ಬುಡಕ್ಕೆ ಸೋಂಕು ತಗುಲಿದರೆ ಬಾವು ಕಟ್ಟುತ್ತದೆ. ಮೊಲದ ಕೀವು ಗಿಣ್ಣಿನಂತೆ ಗಟ್ಟಿ. ನಮ್ಮ ಕುರುವಿನಂತೆ ಒಡೆದು ಹರಿದುಹೋಗುವುದಿಲ್ಲ. ಅದನ್ನು ಶಸ್ತ್ರಕ್ರಿಯೆಯಿಂದಲೇ ತೆಗೆಯಬೇಕಾಗುವುದು ಸಾಮಾನ್ಯ.

ದವಡೆಯ ಎಲುಬು ದುರ್ಬಲವಾಗುವುದೇ ಅನೇಕ ಸಾಕುಮೊಲಗಳ ಹಲ್ಲಿನ ರೋಗಕ್ಕೆ ಮೂಲವೆಂದು ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್ 1990ರ ದಶಕದಲ್ಲಿ ವಾದಿಸಿದರು. ಕಾಳುಗಳ ಮಿಶ್ರಣದಲ್ಲಿ ಪ್ರಾಣಿ ತನಗೆ ರುಚಿಸಿದ್ದನ್ನು ಆರಿಸಿ ತಿಂದು ಕ್ಯಾಲ್ಸಿಯಮ್ಮು ಇರುವುದನ್ನು ಬಿಡುತ್ತದೆ. ಬಿಸಿಲು ಕಾಣದ ಗೂಡಿನಲ್ಲಿ ಡಿ ಜೀವಸತ್ವವೂ ಸಾಲದೆ ಹೋಗುತ್ತದೆ ಎಂಬುದು ಅವರ ವಾದದ ಸಾರ. ಎಲ್ಲರೂ ಇದನ್ನು ಪೂರ್ತಿಯಾಗಿ ಒಪ್ಪಿಲ್ಲ. ಆದರೆ ಬಿಸಿಲು ಇಷ್ಟು ಧಾರಾಳವಾಗಿರುವ ನಮ್ಮ ನಾಡಿನಲ್ಲಿ ಮೊಲವನ್ನು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಡುವುದಕ್ಕೆ ಯಾವ ಸಮರ್ಥನೆಯಿದೆ?

ಹಲ್ಲಿನ ರೋಗದ ಚಿಹ್ನೆಗಳು ಹೊರಕ್ಕೆ ಬೇಗ ಕಾಣುವುದಿಲ್ಲ. ಬೇಟೆಗೀಡಾಗುವ ಪ್ರಾಣಿಗಳು ನೋವನ್ನು ತೋರಗೊಡುವುದಿಲ್ಲ. ತೋರಿಸಿದವು ಮೊದಲು ಬಲಿಯಾಗುತ್ತಿದ್ದವು. ಗಲ್ಲ ಮತ್ತು ಮುಂಗಾಲು ಜೊಲ್ಲಿನಿಂದ ಒದ್ದೆಯಾಗಿರುವುದು, ಹುಲ್ಲನ್ನು ಬಿಟ್ಟು ಮೆತ್ತನೆಯದನ್ನು ಮಾತ್ರ ತಿನ್ನುವುದು, ಬಾಯಿಗಿಟ್ಟ ತುತ್ತನ್ನು ಕೆಡಹುವುದು, ಹಿಕ್ಕೆಗಳು ಸಣ್ಣದಾಗಿ ವಿರಳವಾಗುವುದು ಇವೆಲ್ಲ ರೋಗ ಬಲಿತ ಮೇಲಿನ ಲಕ್ಷಣಗಳು. ಇವುಗಳಿಗಿಂತ ಮುಂಚೆ ಸತ್ಯ ನುಡಿಯುವ ಸಾಕ್ಷಿಯೊಂದಿದೆ. ಅದು ತಕ್ಕಡಿ. ಅಡುಗೆಮನೆಯಲ್ಲಿ ಬಳಸುವ, ಗ್ರಾಮಿನ ವರೆಗೆ ತೋರಿಸುವ ವಿದ್ಯುತ್ ತಕ್ಕಡಿಯೊಂದಿದ್ದರೆ ಗಿನಿಹಂದಿಗೆ ಸಾಕು. ವಾರಕ್ಕೊಮ್ಮೆ, ಅದೇ ದಿನ, ಅದೇ ವೇಳೆಯಲ್ಲಿ ತೂಗಿ ಬರೆದಿಡಬೇಕು. ನಿನ್ನೆಗೂ ಇಂದಿಗೂ ಹತ್ತಿಪ್ಪತ್ತು ಗ್ರಾಮಿನ ಏರಿಳಿತವು ತಿಂದ ಹುಲ್ಲಿನದು, ಕುಡಿದ ನೀರಿನದು, ಅದಕ್ಕೆ ಅಂಜಬೇಕಾಗಿಲ್ಲ. ಆದರೆ ರೇಖಾಚಿತ್ರದ ಬಿಂದುಗಳು ಮೂರು ನಾಲ್ಕು ವಾರ ಒಂದೇ ಸಮನೆ ಕೆಳಕ್ಕಿಳಿದರೆ ಅದು ಮಾಪನದ ದೋಷವಲ್ಲ. 900 ಗ್ರಾಮಿದ್ದ ಗಿನಿಹಂದಿ 810 ಗ್ರಾಮಿಗೆ ಇಳಿದಿದೆಯೆಂದರೆ ದೇಹದ ಹತ್ತನೆಯ ಒಂದು ಪಾಲು ಹೋಯಿತು. ಆದರೂ ಉಬ್ಬಿದ ರೋಮದಡಿಯಲ್ಲಿ ಅದು ಕಣ್ಣಿಗೆ ದುಂಡಾಗಿಯೇ ತೋರುತ್ತದೆ. ಪ್ರಯೋಗಶಾಲೆಯಲ್ಲಿ ಲೋಲಕದ ಅವಧಿಯನ್ನು ಅಳೆದು ಹಾಳೆಯ ಮೇಲೆ ಬಿಂದುಗಳನ್ನಿಡುವ ವಿದ್ಯಾರ್ಥಿಗೆ ಈ ಕೆಲಸವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಇನ್ನು ನನಗೆ ಬಹಳ ವ್ಯಥೆಯುಂಟುಮಾಡಿದ ವಿಷಯಕ್ಕೆ ಬರುತ್ತೇನೆ. ಪ್ರಾಣಿಗಳನ್ನು ಮಾರುವ ಒಂದು ಅಂಗಡಿಯಲ್ಲಿ, ಬಾಚಿಹಲ್ಲು ಹೊರಕ್ಕೆ ಚಾಚಿಕೊಂಡಿದ್ದ ಮೊಲವೊಂದನ್ನು ಇಬ್ಬರು ಹಿಡಿದುಕೊಂಡು, ತಂತಿ ಕತ್ತರಿಸುವ ಇಕ್ಕಳದಿಂದ ಹಲ್ಲನ್ನು ಕತ್ತರಿಸಿದ್ದನ್ನು ನಾನು ನೋಡಿದೆ. ಎರಡು ನಿಮಿಷದ ಕೆಲಸ. ತಂದಿದ್ದ ಹುಡುಗನೂ ಸಮಾಧಾನದಿಂದ ಹೊರಟನು. ಹೀಗೆ ಮಾಡಬಾರದೇಕೆಂದು ಕೇಳಿದಾಗ, ಉಗುರಿನಂತೆಯೇ ಹಲ್ಲೂ ಎಂದು ಅಂಗಡಿಯವರು ಉತ್ತರಕೊಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೊಡನೆ ವಾದಿಸಿ ಫಲವಿಲ್ಲ. ಆದರೆ ಇತರರು ತಿಳಿಯಲಿ. ಉಗುರು ಬಾಗುವ ಪದಾರ್ಥ, ಹಲ್ಲು ಪೆಡಸು. ಪೆಡಸಾದ ವಸ್ತುವನ್ನು ಎರಡು ಕಡೆಯಿಂದ ಅಲಗುಗಳು ಅಮುಕಿದಾಗ ಅದು ಅಲಗಿನ ಸಾಲಿನಲ್ಲಿಯೇ ನೀಟಾಗಿ ತುಂಡಾಗುವುದಿಲ್ಲ. ಸೌದೆಯ ಕೊರಡಿಗೆ ಬೆಣೆ ಹೊಡೆದಂತೆ ಸೀಳು ಉದ್ದಕ್ಕೆ ಓಡುತ್ತದೆ. ಆ ಸೀಳು ವಸಡಿನೊಳಕ್ಕೆ ಹೋಗಿ, ನರ ಮತ್ತು ರಕ್ತನಾಳಗಳಿರುವ ಹಲ್ಲಿನ ತಿರುಳನ್ನು ತೆರೆದುಬಿಟ್ಟರೆ ನೋವೂ ಸೋಂಕೂ ತಪ್ಪಿದ್ದಲ್ಲ. ಮೇಲಾಗಿ, ಮುಂದಿನ ಹಲ್ಲು ಉದ್ದವಾಗುವುದು ಎಷ್ಟೋ ಸಲ ಹಿಂದಿನ ಹಲ್ಲು ಉದ್ದವಾಗಿ ಬಾಯಿ ಸರಿಯಾಗಿ ಮುಚ್ಚದಿರುವುದರಿಂದ. ಮುಂದಿನದನ್ನು ಕತ್ತರಿಸಿದರೆ ಕಾಣುವ ಚಿಹ್ನೆ ಮಾಯವಾಗುತ್ತದೆ, ಕಾಣದ ರೋಗ ಉಳಿಯುತ್ತದೆ. ಅದಕ್ಕಾಗಿಯೇ ನಾನು ಇದನ್ನು ಚಿಕಿತ್ಸೆಯೆಂದು ಕರೆಯಲು ಒಪ್ಪುವುದಿಲ್ಲ. ಇಕ್ಕಳವಾಗಲಿ ಉಗುರುಕತ್ತರಿಯಾಗಲಿ ಈ ಪ್ರಾಣಿಗಳ ಬಾಯಿಯ ಹತ್ತಿರ ಬರಕೂಡದು.

ಅನುಭವವುಳ್ಳ ಪಶುವೈದ್ಯರು ಬಳಸುವುದು ದಂತವೈದ್ಯರ ಬಳಿಯಿರುವಂತಹ, ವೇಗವಾಗಿ ತಿರುಗುತ್ತ ಅರೆಯುವ ಉಪಕರಣವನ್ನು. ಅದು ಸ್ವಲ್ಪಸ್ವಲ್ಪವಾಗಿ ತೇಯುತ್ತದೆ. ಹಲ್ಲನ್ನು ಸೀಳುವಷ್ಟು ಬಲವನ್ನು ಒಮ್ಮೆಗೇ ಹೇರುವುದಿಲ್ಲ. ಉಜ್ಜಾಟವಿದ್ದಲ್ಲಿ ಶಾಖವೂ ಇರುವುದರಿಂದ, ತಿರುಳು ಬೇಯದಂತೆ ಕೆಲಸವನ್ನು ತಡೆದು ತಡೆದು ಮಾಡುತ್ತಾರೆ. ದವಡೆಹಲ್ಲಿನ ಕೆಲಸಕ್ಕೆ ಅರಿವಳಿಕೆ ಅವಶ್ಯ. ಮೊಲದ ಬಾಯಿ ಬಹು ಇಕ್ಕಟ್ಟು, ಕೆನ್ನೆಯ ಮಡಿಕೆಗಳು ಒಳಕ್ಕೆ ಬಾಗಿರುತ್ತವೆ. ಎಚ್ಚರವಿರುವ ಪ್ರಾಣಿಯ ಬಾಯಿಯ ಒಳಗನ್ನು ಪೂರ್ತಿಯಾಗಿ ನೋಡುವುದೇ ಅಸಾಧ್ಯ. ಹಲ್ಲಿನ ಹೆಚ್ಚಿನ ಭಾಗ ವಸಡಿನ ಕೆಳಗೆ ಅಡಗಿರುವುದರಿಂದ ಕ್ಷ-ಕಿರಣದ ಚಿತ್ರ ಬೇಕಾಗುತ್ತದೆ. ರಾಂಟ್ಜನ್ 1895ರಲ್ಲಿ ಕಂಡುಹಿಡಿದ ಈ ಕಿರಣಗಳನ್ನು ಹಲ್ಲು ಮತ್ತು ಎಲುಬಿನ ಕ್ಯಾಲ್ಸಿಯಮ್ಮು ಮಾಂಸಕ್ಕಿಂತ ಹೆಚ್ಚಾಗಿ ಹೀರುತ್ತದೆ. ಬುಡವು ಎತ್ತ ಬಾಗಿದೆ, ಎಲ್ಲಿ ಎಲುಬನ್ನು ಕೊರೆದಿದೆ ಎಂಬುದು ಚಿತ್ರದಲ್ಲಿ ತಿಳಿಯುತ್ತದೆ. ಬಾಚಿಹಲ್ಲು ಹುಟ್ಟಿನಿಂದಲೇ ಸರಿಯಾಗಿ ಕೂಡದಿದ್ದರೆ ಕೆಲವು ವಾರಗಳಿಗೊಮ್ಮೆ ಜೀವನವಿಡೀ ತೇಯಿಸಬೇಕಾಗುತ್ತದೆ. ಆರೂ ಬಾಚಿಹಲ್ಲುಗಳನ್ನು ಕಿತ್ತುಬಿಡುವುದು ಇನ್ನೊಂದು ಉಪಾಯ. ಕೇಳಲು ಕ್ರೂರವೆನಿಸಿದರೂ, ಹೆಚ್ಚಿದ ಸೊಪ್ಪು ಹುಲ್ಲುಗಳನ್ನು ತುಟಿಯಿಂದಲೇ ಎತ್ತಿಕೊಂಡು ಹಿಂದಿನ ಹಲ್ಲಿನಿಂದ ಅಗಿಯುತ್ತ ಮೊಲವು ಸುಖವಾಗಿ ಬಾಳಬಲ್ಲದು.

ಔಷಧಿಯ ಬಗ್ಗೆ ಒಂದು ಎಚ್ಚರಿಕೆ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ನಿನಂತಹ ಪೆನಿಸಿಲಿನ್ ಬಳಗದ ಔಷಧಿಯನ್ನು ಬಾವಿಗೆಂದು ಈ ಪ್ರಾಣಿಗಳಿಗೆ ಕುಡಿಸುವುದು ವಿಷವಿಕ್ಕುವುದಕ್ಕೆ ಸಮ. ಅವುಗಳ ಕರುಳಿನಲ್ಲಿ ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಇದರಿಂದ ನಾಶವಾಗಿ, ವಿಷಕಾರಿಗಳಾದವು ಹಬ್ಬುತ್ತವೆ. ಗಿನಿಹಂದಿಗೆ ಪೆನಿಸಿಲಿನ್ ಮಾರಕವೆಂಬುದು 1943ರಷ್ಟು ಹಿಂದೆಯೇ ತಿಳಿದ ಸಂಗತಿ. ಅರಿವಳಿಕೆಗೆ ಮುಂಚೆ ನಮ್ಮನ್ನು ಉಪವಾಸವಿಡುತ್ತಾರಷ್ಟೆ. ಮೊಲವನ್ನು ಹಾಗೆ ಇಡುವುದಿಲ್ಲ. ಅದಕ್ಕೆ ವಾಂತಿಯಾಗುವುದಿಲ್ಲ, ಬದಲಾಗಿ ಹೊಟ್ಟೆ ಖಾಲಿಬಿದ್ದರೆ ಕರುಳಿನ ಚಲನೆ ನಿಲ್ಲುವ ಭಯವಿದೆ. ಒಂದು ಹಗಲೋ ಒಂದು ರಾತ್ರಿಯೋ ಏನನ್ನೂ ತಿನ್ನದ ಮೊಲವನ್ನು ನಾಳೆ ನೋಡೋಣವೆಂದು ಬಿಡುವಂತಿಲ್ಲ.

ಗಿನಿಹಂದಿಯ ಹಲ್ಲಿಗೆ ಬೇರೊಂದು ಆಪತ್ತಿದೆ. ಮನುಷ್ಯನಂತೆಯೇ ಅದೂ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಅದಿಲ್ಲದಿದ್ದರೆ ಹಲ್ಲನ್ನು ದವಡೆಗೆ ಹಿಡಿದಿಡುವ ನಾರುಗಳು ಸಡಿಲವಾಗುತ್ತವೆ. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ 1907ರಲ್ಲಿ ಗಿನಿಹಂದಿಗಳಿಗೆ ಬರೀ ಧಾನ್ಯವನ್ನು ತಿನ್ನಿಸಿದಾಗ ಅವುಗಳಿಗೆ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗವೇ ಬಂದಿತು. ಸೊಪ್ಪು ಹಣ್ಣುಗಳಿಂದ ಅದು ತಪ್ಪಿತು. ಸಿ ಜೀವಸತ್ವದ ಶೋಧಕ್ಕೆ ದಾರಿ ತೋರಿಸಿದ್ದು ಈ ಪ್ರಾಣಿಯ ಪ್ರಾಣ. ನೂರು ವರ್ಷಗಳ ಮೇಲೆ ಅದೇ ಪ್ರಾಣಿಯನ್ನು ನಮ್ಮ ಮನೆಯ ಪಂಜರದಲ್ಲಿಟ್ಟು, ಅಕ್ಕಿನುಚ್ಚು ಬ್ರೆಡ್ಡುಗಳನ್ನು ಹಾಕಿ ಅದೇ ರೋಗವನ್ನು ಬರಿಸುವುದೆಂದರೆ ಏನೆನ್ನಬೇಕು? ನೆಲ್ಲಿಕಾಯಿ, ಸೀಬೆಹಣ್ಣು, ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ನಮ್ಮ ಸಂತೆಗಳಲ್ಲಿ ದುರ್ಲಭವಲ್ಲ. ದಿನಕ್ಕೆ ಒಂದು ಸಣ್ಣ ಚೂರು ಸಾಕು. ನೀರಿಗೆ ಬೆರೆಸಿದ ಜೀವಸತ್ವ ಬೇಗ ಕೆಡುವುದರಿಂದ ಅದನ್ನು ನಂಬುವಂತಿಲ್ಲ.

ತಳಿಯ ಪ್ರಶ್ನೆಯೂ ಒಂದಿದೆ. ದುಂಡು ಮುಖದ, ಗಿಡ್ಡ ಮೂಗಿನ ಕುಬ್ಜ ಮೊಲಗಳಿಗೆ ಬೇಡಿಕೆ ಹೆಚ್ಚು. ಮೇಲ್ದವಡೆ ಗಿಡ್ಡವಾದರೆ ಬಾಚಿಹಲ್ಲುಗಳು ಸರಿಯಾಗಿ ಕೂಡುವುದಿಲ್ಲ, ಈ ದೋಷ ಆನುವಂಶಿಕವಾಗಿಯೂ ಬರುತ್ತದೆ. ಆದ್ದರಿಂದ ಗಿಡ್ಡಮುಖವೇ ಎಲ್ಲ ಹಲ್ಲುರೋಗದ ಮೂಲವೆಂದು ಬಹುಕಾಲ ನಂಬಿದ್ದರು. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನವರು ಬ್ರಿಟನ್ನಿನ 1,60,000ಕ್ಕೂ ಹೆಚ್ಚು ಮೊಲಗಳ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಫಲಿತಾಂಶ ಈ ನಂಬಿಕೆಗೆ ಪೆಟ್ಟುಕೊಟ್ಟಿತು. ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 15 ಮೊಲಗಳಿಗೆ ಹಲ್ಲಿನ ರೋಗವಿತ್ತು. ವಯಸ್ಸಾದಂತೆ ರೋಗ ಹೆಚ್ಚುತ್ತಿತ್ತು. ಆದರೆ ಗಿಡ್ಡಮುಖದವುಗಳಲ್ಲಿ ಒಟ್ಟಾರೆ ಹೆಚ್ಚಾಗಿರಲಿಲ್ಲ. ಎಲ್ಲರೂ ಹೇಳುವ ಮಾತು ಎಣಿಸಿ ನೋಡಿದಾಗ ನಿಲ್ಲದೆ ಹೋಗುವುದಕ್ಕೆ ಇದೊಂದು ನಿದರ್ಶನ. ಹಾಗೆಂದು, ಬಾಚಿಹಲ್ಲು ಕೂಡದ ಮೊಲದಿಂದ ಮರಿ ಮಾಡಿಸಬಹುದೆಂದು ಯಾರೂ ತಿಳಿಯಬಾರದು.

ಕಾಡಿನ ಮೊಲಕ್ಕೆ ಯಾವ ದಂತವೈದ್ಯರಿದ್ದಾರೆ ಎಂದು ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಕೇಳಿದನು. ಒಳ್ಳೆಯ ಪ್ರಶ್ನೆ. ಅಲ್ಲಿ ಹುಲ್ಲಿದೆ, ನರಿಯಿದೆ. ಹುಲ್ಲು ಹಲ್ಲನ್ನು ಸವೆಸುತ್ತದೆ. ಸವೆಯದ ಹಲ್ಲಿನಿಂದ ಸೊರಗಿದ್ದನ್ನು ನರಿ ಬಹುಕಾಲ ನರಳಲು ಬಿಡುವುದಿಲ್ಲ. ನಾವು ಎರಡನ್ನೂ ತಪ್ಪಿಸಿ ಪಂಜರ ಕೊಟ್ಟಿದ್ದೇವೆ. ಆದ್ದರಿಂದ ಹುಲ್ಲಿನ ಕೆಲಸವೂ ನಮ್ಮದು. ಬಾವು ಎಲುಬಿಗೆ ಹಬ್ಬಿ ವಾಸಿಯಾಗದೆಂದು ವೈದ್ಯರು ಹೇಳಿದಾಗ, ನೋವಿಲ್ಲದ ಮರಣವನ್ನು ಕೊಡಿಸುವ ಕಠಿನ ನಿರ್ಧಾರವೂ ನಮ್ಮದೇ. ಕೆಲವು ನೂರು ರೂಪಾಯಿಗೆ ಕೊಂಡ ಪ್ರಾಣಿಗೆ ಸಾವಿರಾರು ರೂಪಾಯಿ ಖರ್ಚು ಮಾಡಬೇಕೆ ಎಂದು ಹಿರಿಯರು ಕೇಳುವುದೂ ಸಹಜ. ಬೆಲೆಯಿಂದ ನೋವು ಅಳೆಯಲು ಬರುವುದಿಲ್ಲವೆಂಬುದೊಂದೇ ನನ್ನ ಉತ್ತರ. ಆ ಖರ್ಚು ತಮ್ಮಿಂದಾಗದೆಂದು ಮುಂಚೆಯೇ ಬಲ್ಲವರು ಪ್ರಾಣಿಯನ್ನು ತರದಿರುವುದು ಹೆಚ್ಚು ಪ್ರಾಮಾಣಿಕವಾದ ನಡತೆ. ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಗಿನಿಹಂದಿ ಸಾಕುವುದು ನನಗೆ ಸ್ವಲ್ಪವೂ ಸಮ್ಮತವಲ್ಲ. ರಜೆ ಬಂದಾಗ ಅದರ ಗತಿಯೇನೆಂಬುದನ್ನು ಯಾರೂ ಯೋಚಿಸಿರುವುದಿಲ್ಲ.

ನಮ್ಮ ಪಶುವೈದ್ಯ ಶಿಕ್ಷಣವು ದನ, ಎಮ್ಮೆ, ಕುರಿ, ಕೋಳಿಗಳನ್ನು ಆಧಾರವಾಗಿಟ್ಟುಕೊಂಡು ಬೆಳೆದದ್ದು. ಕೃಷಿಯ ನಾಡಿನಲ್ಲಿ ಅದು ಹಾಗಿರಬೇಕಾದದ್ದೇ. ಕುದುರೆಯ ಹಲ್ಲಿನ ಮುಳ್ಳನ್ನು ಅರದಿಂದ ಉಜ್ಜುವ ವಿದ್ಯೆ ಬಹು ಹಿಂದಿನದು. ಅದೇ ತತ್ತ್ವವನ್ನು ಸಣ್ಣ ಬಾಯಿಗೆ ಅಳವಡಿಸುವ ತರಬೇತಿಯು ಬೆಂಗಳೂರಿನ ಹೆಬ್ಬಾಳದ ಕಾಲೇಜಿನಂತಹ ಸಂಸ್ಥೆಗಳಿಂದ ಜಿಲ್ಲೆಗಳ ವೈದ್ಯರಿಗೂ ತಲುಪುವಂತಾಗಬೇಕು. ಸಾಕುಪ್ರಾಣಿಗಳನ್ನು ಮಾರುವ ಅಂಗಡಿಗಳು ನೋಂದಣಿ ಮಾಡಿಸಬೇಕೆಂಬ ನಿಯಮ 2018ರಲ್ಲಿ ಬಂದಿದೆ. ಅದರ ಜೊತೆಗೆ, ಮೊಲವನ್ನು ಕೊಳ್ಳುವವನ ಕೈಗೆ ಅದರ ಆಹಾರ ಮತ್ತು ಹಲ್ಲುಗಳ ಬಗ್ಗೆ ಕನ್ನಡದಲ್ಲಿ ಅಚ್ಚಾದ ಒಂದು ಪುಟವನ್ನು ಕೊಡಲೇಬೇಕೆಂದು ವಿಧಿಸಿದರೆ ಅಂಗಡಿಯವರಿಗೆ ಹೊರೆಯೇನೂ ಆಗದು. ಅಂತಹ ಪುಟವನ್ನು ಬರೆದುಕೊಡಲು ಪ್ರಾಣಿಶಾಸ್ತ್ರದ ನಮ್ಮ ಸಹೋದ್ಯೋಗಿಗಳು ಹಿಂಜರಿಯಲಾರರು.

ಕೊನೆಯದಾಗಿ ಹುಲ್ಲಿನ ಮಾತು, ಏಕೆಂದರೆ ಪತ್ರ ಬರೆಯುವ ವಾಚಕರು ಕೇಳುವುದು ಇದನ್ನೇ. ತಿನ್ನುವುದರಲ್ಲಿ ನೂರಕ್ಕೆ 80 ಪಾಲಾದರೂ ಹುಲ್ಲಾಗಿರಲಿ. ಗರಿಕೆ ಉತ್ತಮ; ಪೂಜೆಗೆ ಕೀಳುವವರು ಎರಡು ಹಿಡಿ ಹೆಚ್ಚಾಗಿ ಕೀಳಬಹುದು. ದನಕ್ಕೆ ಬೆಳೆಸುವ ಗಿನಿಹುಲ್ಲು, ನೇಪಿಯರ್ ಹುಲ್ಲುಗಳೂ ಆಗುತ್ತವೆ. ಭತ್ತದ ಹುಲ್ಲು ಹಲ್ಲಿಗೆ ಕೆಲಸ ಕೊಡುತ್ತದೆ, ಆದರೆ ಸತ್ತ್ವ ಬಹಳ ಕಡಮೆ. ಅದನ್ನು ಹಾಸಿಗೆಗೆ ಬಳಸುವುದು ಲೇಸು. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಮ್ಮು ಅತಿಯಾಗಿರುವುದರಿಂದ ಅದು ಮರಿಗಳಿಗೆ ಮಾತ್ರ ಯುಕ್ತ. ಗಜ್ಜರಿ ಸಿಹಿಯಾದದ್ದು, ಚಿತ್ರಗಳಲ್ಲಿನ ಮೊಲ ಏನನ್ನೇ ತಿನ್ನಲಿ, ನಿಮ್ಮ ಮೊಲಕ್ಕೆ ಅದು ವಾರಕ್ಕೊಂದೆರಡು ಚೂರು ಸಾಕು. ವಾಹನಗಳ ಹೊಗೆ ಬೀಳುವ ರಸ್ತೆಬದಿಯಿಂದಲೂ ಕೀಟನಾಶಕ ಹೊಡೆದ ಹೊಲದ ಬದುವಿನಿಂದಲೂ ಹುಲ್ಲು ತರಬೇಡಿ. ಹೊಸ ಆಹಾರಕ್ಕೆ ಒಂದೇ ದಿನದಲ್ಲಿ ಬದಲಾಯಿಸದೆ ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಿ. ಮಳೆಗಾಲಕ್ಕೆ ಬೇಕಾದದ್ದನ್ನು ಬೇಸಗೆಯಲ್ಲಿಯೇ ನೆರಳಿನಲ್ಲಿ ಒಣಗಿಸಿ ಗೋಣಿಚೀಲದಲ್ಲಿ ಗಾಳಿಯಾಡುವಂತೆ ಇಡಬೇಕು. ಕೈಯಲ್ಲಿ ಹಿಡಿದಾಗ ಬೂಷ್ಟಿನ ವಾಸನೆ ಬಂದರೆ ಆ ಚೀಲವನ್ನು ಗೊಬ್ಬರದ ಗುಂಡಿಗೆ ಸುರಿಯಿರಿ.